ಬೆನ್ನ ಮೇಲಿನ ಹೆಸರು

"ಅಲುಗಾಡಬೇಡ," ಎಂದ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಪೇಂಟರ್. "ಗೆರೆ ಡೊಂಕಾಗುತ್ತೆ."

ಅಪೂರ್ವಾ ಅಲುಗಾಡಲಿಲ್ಲ. ಗಾಲಿಕುರ್ಚಿಯ ರೆಕ್ಸಿನ್ ಮೂಲಕ ಬ್ರಶ್ಶಿನ ತುದಿ ಅವಳ ಬೆನ್ನಿಗೆ ತಾಗುತ್ತಿತ್ತು. ಮೇಲಿಂದ ಕೆಳಕ್ಕೆ ಒಂದು ಗೆರೆ, ಪಕ್ಕಕ್ಕೊಂದು ಸುತ್ತು. ಯಾವ ಅಕ್ಷರವೆಂದು ನೋಡದೆಯೇ ಗೊತ್ತಾಗುತ್ತಿತ್ತು. ಮೊದಲ ಪದ 'ಸ್ವರ್ಗಸ್ಥ'. ಅವಳನ್ನು ಇಳಿಸಿ ಬರೆಯಬಹುದಿತ್ತು, ಪೇಂಟರ್ ಒಪ್ಪಿರಲಿಲ್ಲ. ಯಾರಾದರೂ ಒರಗಿ ಕೂತರೇನೇ ರೆಕ್ಸಿನ್ ಬಿಗಿಯಾಗಿ ನಿಲ್ಲುತ್ತದೆ, ಖಾಲಿ ಕುರ್ಚಿಯಲ್ಲಿ ಅಕ್ಷರ ಸುಕ್ಕಾಗುತ್ತದೆ ಎಂದಿದ್ದ.

ಹೋಟೆಲಿನ ಹಿತ್ತಿಲಲ್ಲಿ ಈರುಳ್ಳಿ ಮೂಟೆಗಳ ಪಕ್ಕ ಸ್ಟೂಲು ಹಾಕಿಸಿಕೊಂಡು ಕುರ್ಚಿ ದಾನ ಕೊಟ್ಟ ಟ್ರಸ್ಟಿನ ಕಾರ್ಯದರ್ಶಿ ಕೀರ್ತಿಭಾಯ್ ಕಾಫಿ ಕುಡಿಯುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಅವಳ ಅಪ್ಪ ದಾಮೋದರ ನಿಂತಿದ್ದ. ಸೊಂಟಕ್ಕೆ ಡಾಕ್ಟರು ಕೊಟ್ಟ ಅಗಲ ಬೆಲ್ಟು, ಕೈಯಲ್ಲಿ ದೋಸೆಯ ಸಟ್ಟುಗ. ನವರಂಗಪುರದ ಈ ಉಡುಪಿ ಹೋಟೆಲಿಗೆ ಅಡಿಗೆಯವನಾಗಿ ಬಂದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಈ ಬ್ಯಾಟರಿ ಕುರ್ಚಿ ಸಿಗುವತನಕ ಅವಳನ್ನು ಶಾಲೆಗೆ, ಆಮೇಲೆ ಕಾಲೇಜಿಗೆ, ಹೊತ್ತು ಮುಟ್ಟಿಸಿದವನು ಅವನೇ. ಬೆನ್ನು ಹೋದದ್ದೂ ಅದರಿಂದಲೇ.

"ಬರೆದ ಹೆಸರನ್ನ ಸೀಮೆಎಣ್ಣೆ ಹಾಕಿ ಉಜ್ಜಿ ಅಳಿಸಿದ್ದೀಯಲ್ಲ ಬೇಟಾ," ಎಂದರು ಕೀರ್ತಿಭಾಯ್. "ಇವತ್ತು ಸೂರತ್‌ನಿಂದ ಕುರ್ಚಿಗೆ ದುಡ್ಡು ಕೊಟ್ಟ ಶೇಠ್ ಬರ್ತಿದ್ದಾರೆ. ನಮ್ಮ ತಾಯಿ ಜಡಾವ್‌ಬೆನ್ ಹೆಸರು ಎಲ್ಲಿ ಅಂತ ಕೇಳಿದರೆ ಏನು ಹೇಳಲಿ? ಹುಡುಗಿ ತೊಳೆದುಹಾಕಿದಳು ಅಂತಲಾ?"

"ಹಾಗೇ ಹೇಳಿ ಅಂಕಲ್. ಕಾಲೇಜಲ್ಲಿ ಯಾರೂ ನನ್ನ ಅಪೂರ್ವಾ ಅನ್ನಲ್ಲ. ಜಡಾವ್‌ಬೆನ್ ಬಂದ್ರು, ದಾರಿ ಬಿಡಿ ಅಂತಾರೆ."

"ಪುಣ್ಯವಂತರ ಹೆಸರು. ಕರೆದರೆ ಕರೆಯಲಿ ಬಿಡು."

"ಮೊನ್ನೆ ಸಿಗ್ನಲ್‌ನಲ್ಲಿ ಆಟೋದವನೊಬ್ಬ ನನ್ನ ಬೆನ್ನು ನೋಡಿ ಕೈಮುಗಿದ. ಹೆಣ ಸಾಗಿಸೋ ವ್ಯಾನಿನ ಮೇಲೂ ಹೀಗೇ ಬರೆದಿರುತ್ತೆ. ಇದೇ ಬಣ್ಣ, ಇದೇ ಅಕ್ಷರ."

"ಅದನ್ನು ಬರೆದವನೂ ನಾನೇ," ಎಂದು ಪೇಂಟರ್ ಸಂತೋಷದಿಂದ ಹೇಳಿದ.

ಕೀರ್ತಿಭಾಯ್ ನಗಲಿಲ್ಲ. ಕೆಟ್ಟ ಮನುಷ್ಯರೇನಲ್ಲ, ಈ ಕುರ್ಚಿಗಾಗಿ ಶೇಠರ ಆಫೀಸಿಗೆ ಎಷ್ಟೋ ಸಲ ಅಲೆದಿದ್ದರು. ನೀರಿನ ಅರವಟ್ಟಿಗೆ, ಪಾರ್ಕಿನ ಬೆಂಚು, ಆಸ್ಪತ್ರೆಯ ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ಒಂದು ಹೆಸರು ಬರೆಸಿದ್ದರು. ಯಾವ ಬೆಂಚೂ ತಕರಾರು ಮಾಡಿರಲಿಲ್ಲ.

"ಬರೆಯಲೇಬೇಕಾದರೆ ಸೀಟಿನ ಕೆಳಗೆ ಬರೆಸಿ," ಎಂದಳು ಅಪೂರ್ವಾ.

"ಅರೇ! ಅವರ ತಾಯಿಯ ಹೆಸರಿನ ಮೇಲೆ ನೀನು ಕೂರ್ತೀಯಾ?"

"ಈಗ ಅವರು ನನ್ನ ಮೇಲೆ ಕೂತಿಲ್ವಾ?"

ಕೀರ್ತಿಭಾಯ್ ಕಾಫಿ ಲೋಟವನ್ನು ಕೆಳಗಿಟ್ಟರು. "ನೋಡು, ಹೆಸರಿಲ್ಲದ ಕುರ್ಚಿ ನಮ್ಮ ಟ್ರಸ್ಟಿನಲ್ಲಿ ಇಲ್ಲ. ಬೇಡ ಅಂದರೆ ಈಗಲೇ ಹೇಳು. ಕುರ್ಚಿ ವಾಪಸ್ ಒಯ್ಯೋಕೆ ಹೊರಗೆ ಟೆಂಪೋ ನಿಂತಿದೆ, ಇದಕ್ಕಾಗಿ ಕಾಯುತ್ತಿರುವವರೂ ಇದ್ದಾರೆ."

ದಾಮೋದರ ಗುಜರಾತಿ ಬಿಟ್ಟು ಕನ್ನಡಕ್ಕೆ ಇಳಿದ. "ಎಂತಕ್ಕೆ ಮಗಾ ಈ ಹಟ? ಹಿಂದೆ ಬರೆದದ್ದು ನಿಂಗೆ ಕಾಣುದೇ ಇಲ್ಲ ಅಲ್ವಾ? ನಂಗೆ ಈಗ ಸಾಂಬಾರಿನ ಪಾತ್ರೆಯೂ ಎತ್ಲಿಕ್ಕೆ ಆಗುದಿಲ್ಲ. ಪರೀಕ್ಷೆ ಬೇರೆ ಉಂಟು..."

"ನಂಗೆ ಕಾಣಲ್ಲ ಪಪ್ಪಾ. ಬಾಕಿ ಎಲ್ರಿಗೂ ಅದೊಂದೇ ಕಾಣೋದು."

ಬ್ರಶ್ಶು 'ಸ್ವರ್ಗಸ್ಥ' ಮುಗಿಸಿ ಮುಂದಿನ ಹೆಸರಿಗೆ ಬಂತು. ತಣ್ಣನೆಯ ತುದಿ ಬೆನ್ನುಮೂಳೆಯ ನೇರಕ್ಕೆ ಇಳಿಯಿತು. ಅಪೂರ್ವಾ ಎರಡೂ ಕೈಗಳನ್ನು ಮೇಲಕ್ಕೆತ್ತಿದಳು. ಅವಳು ಕೈ ಎತ್ತಿದರೆ ಬಂದು ಬಾಗಿ ಎತ್ತಿಕೊಳ್ಳುವುದು ದಾಮೋದರನಿಗೆ ಅವಳ ಬಾಲ್ಯದಿಂದ ಬಂದ ಅಭ್ಯಾಸ. ಸಟ್ಟುಗ ನೆಲಕ್ಕೆ ಬಿತ್ತು. ಬೆಲ್ಟು, ಡಾಕ್ಟರು, ಈಗಷ್ಟೇ ಆಡಿದ ಮಾತು ಎಲ್ಲ ಮರೆತು ಅವನು ಅವಳನ್ನು ಎತ್ತಿಕೊಂಡುಬಿಟ್ಟ.

ಭಾರ ತಪ್ಪಿದ ರೆಕ್ಸಿನ್ ಜೋತುಬಿತ್ತು. ಹಸಿ ಅಕ್ಷರಗಳು ಮಡಿಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡವು.

"ಅಯ್ಯೋ, ಕೂರಿಸಿ, ಕೂರಿಸಿ!" ಎಂದು ಪೇಂಟರ್ ಕೂಗಿದ. "ಒಣಗೋತನಕ ಕೂರಿಸಿ!"

ಕೀರ್ತಿಭಾಯ್ ಎದ್ದರು. ಗಡಿಯಾರ ನೋಡಿದರು, ಕುರ್ಚಿ ನೋಡಿದರು. ಆಮೇಲೆ ಅವರ ಮುಖ ಮೆತ್ತಗಾಯಿತು, ಹೊಸದೇನೋ ಹೊಳೆದಿತ್ತು. "ಚಲೋ ಬೇಟಾ, ನಿನ್ನ ಹೆಸರೂ ಬರೆಸ್ತೀನಿ. ಅವರದರ ಕೆಳಗೆ, ಸಣ್ಣ ಅಕ್ಷರದಲ್ಲಿ. 'ದಾನ ಪಡೆದವರು: ಕುಮಾರಿ ಅಪೂರ್ವಾ.' ಟ್ರಸ್ಟಿನಲ್ಲಿ ಇದುವರೆಗೆ ಯಾರಿಗೂ ಹೀಗೆ ಮಾಡಿಲ್ಲ. ಯಾವ ಬಣ್ಣ ಬೇಕು, ನೀನೇ ಹೇಳು."

ಪೇಂಟರ್ ಡಬ್ಬಿಗಳ ಮುಚ್ಚಳ ತೆಗೆದು ತೋರಿಸಿದ. ಕೆಂಪು, ನೀಲಿ, ಹಳದಿ.

"ಹೂಂ ಅನ್ನು ಮಗಾ," ದಾಮೋದರ ಅವಳ ಕಿವಿಯ ಹತ್ತಿರ ಅಂದ. ಅವನ ಉಸಿರು ತುಂಡುತುಂಡಾಗಿ ಬರುತ್ತಿತ್ತು. ಅವಳ ಮಂಡಿಯ ಕೆಳಗಿದ್ದ ಅವನ ತೋಳು ನಡುಗುತ್ತಿತ್ತು. ಆ ನಡುಕ ಅವಳ ಕಾಲಿಗೆ ಗೊತ್ತಾಗುವಂತಿರಲಿಲ್ಲ. ಅವನ ಎದೆಗೆ ಒತ್ತಿಕೊಂಡಿದ್ದ ಅವಳ ಭುಜಕ್ಕೆ ಗೊತ್ತಾಯಿತು.

"ಬೇಡ," ಎಂದಳು ಅಪೂರ್ವಾ. "ಟೆಂಪೋದವನನ್ನ ಕರೀರಿ ಅಂಕಲ್."