ಮರಳುವ ಡಬ್ಬಿ

ಊರಿನಿಂದ ಮುಂಜಾನೆಯ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಧಾರವಾಡದ ಹಾಸ್ಟೆಲ್ಲಿನ ಹುಡುಗಿಯರು ರೊಟ್ಟಿ ತಿಂದು, ಖಾಲಿ ಡಬ್ಬಿಯೊಳಗೆ ನಿಟ್ಟುಸಿರು ಬಿಡುತ್ತಾರೆ. ಓದಿನ ಚಿಂತೆಯೆಲ್ಲ ಭಾರದ ಬೂದು ಹಿಟ್ಟಾಗಿ ತಳಕ್ಕೆ ಬೀಳುತ್ತದೆ. ಅದೇ ಬಸ್ಸಿನಲ್ಲಿ ಡಬ್ಬಿ ಮರಳುತ್ತದೆ. ಮನೆಯಲ್ಲಿ ತಾಯಂದಿರು ಹಿಟ್ಟನ್ನು ಹಿತ್ತಲಿಗೆ ಚೆಲ್ಲಿ ಡಬ್ಬಿ ತೊಳೆದಿಡುತ್ತಾರೆ.

ಪರೀಕ್ಷೆಯ ದಿನ ನೀಲಗಂಗಾ ಡಬ್ಬಿ ತೆರೆದರೆ ರೊಟ್ಟಿಯ ಮೇಲೆಯೇ ಬೂದು ಹಿಟ್ಟಿತ್ತು. ಬುತ್ತಿ ಕಟ್ಟುವಾಗ ಅವ್ವ ಮೈಮರೆತು ನಿಟ್ಟುಸಿರು ಬಿಟ್ಟಿರಬೇಕು. ಬೆರಳಿಗೆ ತಾಗಿದ್ದೇ ತಡ, ಅಪ್ಪನ ಆಪರೇಷನ್ ಇವತ್ತೇ ಎಂದು ತಿಳಿಯಿತು. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಅವಳು ಹಿಟ್ಟು ಕೊಡವಿ ರೊಟ್ಟಿ ತಿಂದಳು. ಡಬ್ಬಿ ತೊಳೆದು ಕಂಡಕ್ಟರನ ಕೈಗೆ ಕೊಟ್ಟಳು.

“ಪರೀಕ್ಷಿ ದಿನಾನೂ ಡಬ್ಬಿ ಇಷ್ಟು ಹಗುರ ಐತಲ್ಲ, ತಂಗಿ?” ಎಂದ ಕಂಡಕ್ಟರ್.

“ಇವತ್ತ ನಂದು ನನ್ನ ಹತ್ರಾನ ಇರಲಿ ಬಿಡ್ರಿ,” ಎಂದು ನೀಲಗಂಗಾ ಪರೀಕ್ಷೆಗೆ ನಡೆದಳು.