ಸಹಾಯವಾಣಿಯ ಚೀಟಿ

ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಹೆದ್ದಾರಿ ಹೋಟೆಲಿನ ಹೆಂಗಸರ ಶೌಚಾಲಯದಿಂದ ಹೊರಬಂದ ಹುಡುಗಿ ಒಂದೇ ಕೈ ತೊಳೆದಳು. ಇನ್ನೊಂದು ಕೈಯ ಮುಷ್ಟಿ ಬಿಗಿದಿತ್ತು. ನೆಲ ಒರೆಸುತ್ತಿದ್ದ ಕೆಲಸದಾಕೆಗೆ ಕಾರಣ ಹೊಳೆಯಿತು. ಮನುಷ್ಯರನ್ನು ಸಾಗಿಸಿ ಮಾರುವವರ ಕೈಗೆ ಸಿಕ್ಕವರಿಗಾಗಿ ಸರ್ಕಾರ ಕಡ್ಡಾಯ ಮಾಡಿದ್ದ ನೋಟಿಸನ್ನು ಬಾಗಿಲ ಒಳಬದಿಗೆ ಅಂಟಿಸಿದವಳು ಅವಳೇ. ಅದರ ಅಂಚಿನಲ್ಲಿ ಸಹಾಯವಾಣಿಯ ನಂಬರಿದ್ದ ಚೀಟಿಗಳಿದ್ದವು, ಹರಿದುಕೊಂಡು ಹೋಗಲೆಂದು.

“ಎರಡೂ ಕೈ ತೊಳಿಯೇ ಮಹಾರಾಣಿ,” ಎಂದು ಜೊತೆಗಿದ್ದ ಹೆಂಗಸು ನಗುತ್ತಲೇ ಆ ಮುಷ್ಟಿ ಬಿಡಿಸಿ ಚೀಟಿ ಓದಿದಳು. ಆಮೇಲೆ ಅದನ್ನು ಕೆಲಸದಾಕೆಗೇ ಕೊಟ್ಟಳು. “ಕಸಕ್ಕೆ ಹಾಕ್ಬಿಡಕ್ಕ. ಕಂಡದ್ದೆಲ್ಲ ಕೀಳೋ ಚಟ ಇವಳಿಗೆ.”

“ನಿಮ್ಮ ಮಗಳಾ?”

“ಮತ್ತೆ, ನಿಮ್ಮ ಮಗಳಾ?”

ಹುಡುಗಿ ಕೆಲಸದಾಕೆಯನ್ನೇ ನೋಡುತ್ತಿದ್ದಳು. ಹೆಂಗಸು ಅವಳ ರಟ್ಟೆ ಹಿಡಿದು ಕರೆದೊಯ್ದಳು.

ನೀವಾಗಿ ತಡೆಯಲು ಹೋಗಬೇಡಿ, ಕೂಡಲೇ ಕರೆ ಮಾಡಿ ಎಂದು ನೋಟಿಸಿನಲ್ಲಿತ್ತು. ಕೆಲಸದಾಕೆ ಹಾಗೆಯೇ ಮಾಡಿದಳು; ಹಿಂದೆ ಹೋಗದೆ, ಕೆಲಸಗಾರರ ಕೋಣೆಗೆ ಓಡಿ ತನ್ನ ಫೋನು ತೆಗೆದುಕೊಂಡಳು. ಸಹಾಯವಾಣಿಯವರು ಮೊದಲ ರಿಂಗಿಗೇ ಎತ್ತಿದರು. “ಯಾವ ಗಾಡಿಯಮ್ಮಾ?” ಎಂದು ಕೇಳಿದರು. ಅವಳು ಕಿಟಕಿಯಿಂದ ನೋಡಿದಳು. ಹೋಟೆಲಿನ ಮುಂದೆ ನಿಂತಿದ್ದ ನಾಲ್ಕು ಬಸ್ಸುಗಳಲ್ಲಿ ಮೂರು ಹೊರಟುಹೋಗಿದ್ದವು.