ಫ್ಲಮಾಂ ಮನೆ

ಕೊನೆಯ ಗಾಡಿ ಸಕ್ಕರೆ ಬೀಟ್ ಹೊತ್ತು ಅಂಗಳಕ್ಕೆ ಬಂದಾಗ ಅದರ ನೆತ್ತಿಯ ಮೇಲೆ ಸುಗ್ಗಿ ಮುಗಿದ ಗುರುತಿಗೆ ಕಟ್ಟಿದ ಹಸಿರು ಕೊಂಬೆಯೊಂದು ತೂಗಾಡುತ್ತಿತ್ತು. ಕಿಟಕಿಯ ಬಳಿ ಮುರಿದ ಕಾಲು ಚಾಚಿ ಕುಳಿತಿದ್ದ ಆನ್ಸೆಲ್ಮ್ ಫ್ಲಮಾಂ ಅದನ್ನು ಕಂಡು ಕಣ್ಣೊರೆಸಿಕೊಂಡ. ಬೆಳೆ ಕೈಗೆ ಬರುವ ಹೊತ್ತಿಗೇ ಅವನು ಅಟ್ಟದಿಂದ ಬಿದ್ದಿದ್ದ. ಕೂಲಿಯವರು ಒಬ್ಬೊಬ್ಬರಾಗಿ ಪಕ್ಕದ ದೊಡ್ಡ ಜಮೀನಿಗೆ ಜಾರಿಕೊಂಡಿದ್ದರು. ನೆಲ ಹೆಪ್ಪುಗಟ್ಟುವ ಮುಂಚೆ ಗಡ್ಡೆಯನ್ನೆಲ್ಲ ಕಿತ್ತು ಮೇಲೆ ಹಾಕಿದವನು ಗಡಿಯಾಚೆಯ ಫ್ಲಾಂಡರ್ಸ್‌ನಿಂದ ಬಂದಿದ್ದ ಕಾಮೀಲ್. ಅವನ ಹೆಂಡತಿ ಗೋಡೆಲೀವ ತುಂಬು ಬಸುರಿಯಾದರೂ ಕೂತಲ್ಲೇ ಎಲೆ ಕತ್ತರಿಸಿ ಕೊಟ್ಟಿದ್ದಳು.

"ಇವರಿಬ್ರು ಇಲ್ದೇ ಹೋಗಿದ್ರೆ ಎಲ್ಲಾ ಮಣ್ಣುಪಾಲಾಗ್ತಿತ್ತು ಅಕ್ಕ. ಇವತ್ತು ಅವರು ನಮ್ಮ ಜೊತೇಲೇ ಊಟಕ್ಕೆ ಕೂರ್ಬೇಕು."

ಅಕ್ಕ ಜುಲ್ಮಾ ಸೂಪಿನ ಸೌಟು ಹಿಡಿದೇ ತಿರುಗಿದಳು. "ಕೂರ್ಲಿ, ಬೇಡ ಅಂದೋರ್ಯಾರು? ಆದ್ರೆ ಆ ಬೆಣ್ಣೆ ಗಡಿಗೆಗಳಿಗೆ ನಮ್ಮನೆ ಬೆಣ್ಣೆ ರುಚಿಸಲ್ವಲ್ಲ!"

ಫ್ಲಾಂಡರ್ಸಿನವರು ಕೂಲಿಗೆ ಬರುವಾಗ ತಮ್ಮೂರ ಬೆಣ್ಣೆಯನ್ನು ಪುಟ್ಟ ಗಡಿಗೆಯಲ್ಲಿ ತುಂಬಿಕೊಂಡೇ ಬರುತ್ತಿದ್ದುದರಿಂದ ಊರವರು ಇಟ್ಟ ಅಡ್ಡಹೆಸರು ಅದು. ಹಂಗಿಸದೆ ಕರೆಯುವಾಗ 'ಫ್ಲಮಾಂ' ಎನ್ನುತ್ತಿದ್ದರು, ಅಂದರೆ ಫ್ಲಾಂಡರ್ಸಿನವನು ಎಂದು. ಈ ಮನೆತನದ ಹೆಸರೂ ಅದೇ. ಆದರೆ ಎರಡಕ್ಕೂ ನಂಟಿದೆ ಎಂದು ಜುಲ್ಮಾಳ ಎದುರು ಉಸಿರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ತಮ್ಮ ಹೆಸರು ಬೆಂಕಿಯ ಉರಿ ಎಂಬರ್ಥದ 'ಫ್ಲಾಮ್' ಪದದಿಂದ ಬಂದದ್ದು, ತಮ್ಮ ಹಿರಿಯರು ರಾಜನ ಮುಂದೆ ಪಂಜು ಹಿಡಿದು ನಡೆದವರು ಎಂದು ಅವಳ ಅಜ್ಜಿ ಹೇಳಿದ್ದಳಂತೆ. ಯಾವ ರಾಜ ಎಂದು ಮಾತ್ರ ಅಜ್ಜಿ ಹೇಳಿರಲಿಲ್ಲ.

ಊಟಕ್ಕೆ ಕೂತರೂ ಕಾಮೀಲ್ ಚಮಚ ಮುಟ್ಟಲಿಲ್ಲ. ಟೋಪಿಯನ್ನು ಮೊಣಕಾಲ ಮೇಲೆ ತಿರುವುತ್ತಾ ಕೊನೆಗೆ ಬಾಯಿಬಿಟ್ಟ.

"ಯಜಮಾನ್ರೇ, ಒಂದ್ ಮಾತು. ಇವಳನ್ನ ಈ ಸ್ಥಿತೀಲಿ ರೈಲು ಹತ್ತಿಸ್ಬೇಡ ಅಂತ ಸೂಲಗಿತ್ತಿ ಹೇಳವ್ಳೆ. ಕೊಟ್ಟಿಗೆ ಆಚೆ ಆ ಖಾಲಿ ಕೋಣೆ ಐತಲ್ಲ... ಚಳಿ ಮುಗಿಯೋ ತನಕ ಅಲ್ಲಿರ್ಲಾ? ನಿಮ್ ಕಾಲು ನೆಟ್ಟಗಾಗೋ ತನಕ ದನಕರ ನಾನೇ ನೋಡ್ಕೊಳ್ತೀನಿ."

"ಅದೊಂದು ಬಾಕಿ ಇತ್ತು!" ಎಂದಳು ಜುಲ್ಮಾ. "ಆಗಲೇ ಊರಲ್ಲಿ ನಗ್ತಾರೆ, ನಿಮ್ಮವರು ಬಂದಿದಾರಂತೆ ಅಂತ. ನೀನೇ ಹೇಳಪ್ಪ, ನಮ್ಮ ಹೆಸರಿನ ಮನೆತನ ನಿಮ್ಮೂರಲ್ಲಿ ಒಂದಾದ್ರೂ ಇದೆಯಾ?"

"ಒಂದೂ ಇಲ್ಲ ಅಮ್ಮಾವ್ರೇ."

"ಕೇಳಿಸ್ತೇನೋ ಆನ್ಸೆಲ್ಮ್? ಒಂದೂ ಇಲ್ವಂತೆ!"

ಕಾಮೀಲ್ ತಾನೇನೋ ತಪ್ಪು ಹೇಳಿದೆನೆಂದು ಗಾಬರಿಯಾದ. "ಇರೋದಾದ್ರೂ ಹೆಂಗೆ ಅಮ್ಮಾವ್ರೇ? ಊರಿಗೂರೇ ಫ್ಲಾಂಡರ್ಸಿನವರಾದ್ಮೇಲೆ ಯಾರು ಯಾರನ್ನ ಹಂಗೆ ಕರೀತಾರೆ? ಅಲ್ಲಿ ನಾನು ಬರೀ ಕಾಮೀಲ್. ಇಲ್ಲಿಗೆ ಬಂದ್ಮೇಲೇನೇ ನಾನು ಫ್ಲಮಾಂ ಆಗಿದ್ದು."

ಆನ್ಸೆಲ್ಮ್‌ಗೆ ನಗು ಬಂತು. ಅಕ್ಕನ ಮುಖ ನೋಡಿ ಅದನ್ನು ನುಂಗಿಕೊಂಡ. ಆಮೇಲೆ ಅವನಿಗೆ ನಗುವೇ ಬೇಡವಾಯಿತು. ತಾನು ಹುಟ್ಟಿದ ಮನೆ, ಅಪ್ಪ ಉತ್ತ ಹೊಲ, ಇವತ್ತು ಅಂಗಳದಲ್ಲಿ ರಾಶಿ ಬಿದ್ದಿರುವ ಬೆಳೆ, ಎಲ್ಲವೂ ಯಾರದೋ ಒಂದು ದಿನದ ಒಳ್ಳೆಯ ಮನಸ್ಸಿನಿಂದ ಬಂದದ್ದು ಎಂದು ಅವನಿಗೆ ಮೊದಲ ಸಲ ಹೊಳೆಯಿತು.

"ಅಕ್ಕ, ಹಿಂದೆ ಯಾವನೋ ಒಬ್ಬ ಹೀಗೇ ಟೋಪಿ ತಿರುವ್ತಾ ಈ ಊರಲ್ಲಿ ಬಂದು ಕೂತಿದಾನೆ. ಯಾರೋ ಪುಣ್ಯಾತ್ಮರು ಅವನಿಗೆ ಒಂದು ಮೂಲೆ ಕೊಟ್ಟಿದಾರೆ. ಅವತ್ತು ಹೋಗಾಚೆ ಅಂದಿದ್ರೆ ನಾನೂ ಇಲ್ಲ, ನೀನೂ ಇಲ್ಲ. ಅವರ ಗೋರಿಗೆ ನಾಲ್ಕು ಹೂ ಇಡೋಣ ಅಂದ್ರೆ ಅದೆಲ್ಲಿದೆ ಅಂತಾನೂ ಗೊತ್ತಿಲ್ಲ. ಆ ಋಣ ಇನ್ನೆಲ್ಲಿ ತೀರಿಸ್ಲಿ ನಾನು?"

"ನಿನಗೇನಪ್ಪ, ಕಾಲು ಮುರಿದಾಗಿಂದ ಕರುಳು ಮೆತ್ತಗಾಗಿದೆ," ಎಂದಳು ಜುಲ್ಮಾ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. "ಇವತ್ತು ಕೋಣೆ ಕೊಡ್ತೀಯ. ನಾಳೆ ಅಲ್ಲೊಂದು ಕೂಸು ಹುಟ್ಟುತ್ತೆ. ಆಮೇಲೆ ಊರೋರು ಇದನ್ನ ಫ್ಲಮಾಂ ಮನೆ ಅಂತ ಕರೀದೇ ಇದ್ರೆ ಕೇಳು!"

"ಈಗ ಏನಂತ ಕರೀತಾರೆ ಅಕ್ಕ?"

ಮೇಜಿನ ಆಚೆ ತುದಿಯಲ್ಲಿ ಗೋಡೆಲೀವ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಿಂದ ತನ್ನ ಬೆಣ್ಣೆಯ ಗಡಿಗೆಯನ್ನು ಹೆದರುತ್ತಲೇ ಜುಲ್ಮಾಳತ್ತ ಸರಿಸಿದಳು. ಜುಲ್ಮಾ ಚಾಕು ತೆಗೆದುಕೊಂಡು ತನ್ನ ಬ್ರೆಡ್ಡಿಗೆ ಒಂದಿಷ್ಟು ಸವರಿಕೊಂಡು ತಿಂದು ಮುಗಿಸಿದಳು.

"ಪರವಾಗಿಲ್ಲ," ಎಂದು ಎದ್ದಳು. "ಆ ಕೋಣೆ ಒಲೆ ಹೊಗೆ ಕಾರುತ್ತೆ. ಕೂಸಿಗಾಗಲ್ಲ, ನಾಳೆ ಮೊದ್ಲು ಅದನ್ನ ಸರಿಮಾಡು. ಏಳಮ್ಮ, ತೋರಿಸ್ತೀನಿ ಬಾ."

ಹೊರಗೆ ಕತ್ತಲಾಗುತ್ತಿತ್ತು. ಆನ್ಸೆಲ್ಮ್ ಕಿಟಕಿಯಿಂದ ನೋಡಿದ. ಬೀಟ್ ರಾಶಿಯ ಪಕ್ಕದಲ್ಲಿ ಲಾಟೀನು ಹಿಡಿದು ಅಕ್ಕ ಮುಂದೆ ನಡೆಯುತ್ತಿದ್ದಳು. ಹೆಂಡತಿಯ ಕೈ ಹಿಡಿದು ಕಾಮೀಲ್ ಹಿಂದೆ ಹೋಗುತ್ತಿದ್ದ. ಆನ್ಸೆಲ್ಮ್ ಕಿಟಕಿ ತೆರೆದು ಕೂಗಿದ:

"ಅಕ್ಕ, ಪಂಜು ಇನ್ನೂ ಸ್ವಲ್ಪ ಎತ್ತಿ ಹಿಡಿ. ಅಲ್ಲೊಂದು ಮೆಟ್ಟಿಲಿದೆ!"